ಕೇಳುವ ಮುಖ

ರಸ್ತೆ ದಾಟಿದರೆ ಗಡಿಯಾರದವರ ಅಂಗಡಿ. ಹೆಚ್ಚೆಂದರೆ ಇಪ್ಪತ್ತೆರಡು ಹೆಜ್ಜೆ. ಆ ಇಪ್ಪತ್ತೆರಡು ಹೆಜ್ಜೆಯನ್ನು ಅವಳು ಮೂರು ವರ್ಷದಿಂದ ಇಟ್ಟಿರಲಿಲ್ಲ, ಇವತ್ತು ಇಡಬೇಕಿತ್ತು. ಬೆಳಿಗ್ಗೆಯಿಂದ ಟ್ರೈಪಾಡಿನ ತಿರುಪನ್ನು ಮೂರು ಸಲ ಬಿಗಿ ಮಾಡಿದ್ದಳು, ಲೆನ್ಸನ್ನು ಎರಡು ಸಲ ಒರೆಸಿದ್ದಳು, ಕನ್ನಡಿಯಲ್ಲಿ ತನ್ನ ಮುಖವನ್ನೇ ಗಿರಾಕಿಯ ಮುಖದ ಹಾಗೆ ನೋಡಿ ‘ಗದ್ದ ಸ್ವಲ್ಪ ಕೆಳಗೆ’ ಎಂದು ಹೇಳಿ ನಕ್ಕಿದ್ದಳು. ಕೈಯ ಬಗ್ಗೆ ಅವಳಿಗೆ ಯಾವತ್ತೂ ಅನುಮಾನವಿರಲಿಲ್ಲ. ಈ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟುಡಿಯೋ ಇಟ್ಟವಳು ಅವಳು. ಒಬ್ಬ ಮನುಷ್ಯ ಬಾಗಿಲು ತಳ್ಳಿಕೊಂಡು ಬಂದು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಅವನ ಮುಖದ ಯಾವ ಬದಿ ಸೆಟೆದುಕೊಳ್ಳುತ್ತದೆ, ಯಾವ ಬದಿ ಬಿಟ್ಟುಕೊಡುತ್ತದೆ ಎಂದು ಗೊತ್ತಾಗಿಬಿಡುತ್ತಿತ್ತು. ದೀಪ ಎಲ್ಲಿಡಬೇಕು, ಭುಜ ಎಷ್ಟು ತಿರುಗಬೇಕು, ತಲೆಯ ಮೇಲೆ ಎಷ್ಟು ಖಾಲಿ ಬಿಡಬೇಕು ಎಂಬುದನ್ನೆಲ್ಲ ಅವಳು ಯೋಚಿಸಿ ಮಾಡುತ್ತಿರಲಿಲ್ಲ, ಅಡುಗೆಯವರು ಉಪ್ಪು ಹಾಕುವ ಹಾಗೆ ಮಾಡುತ್ತಿದ್ದಳು. ಹಾಗಿದ್ದೂ ಇವತ್ತು ಕ್ಯಾಮೆರಾದ ಚೀಲವನ್ನು ಹೆಗಲಿಗೇರಿಸಿ ಮತ್ತೆ ಕೆಳಗಿಟ್ಟಿದ್ದಳು.

ನಿನ್ನೆ ಮಧ್ಯಾಹ್ನ ಗಡಿಯಾರದವರು ಬಂದಿದ್ದರು. ಒಳಗೆ ಬರಲಿಲ್ಲ. ಹೊಸ್ತಿಲಿನಾಚೆ ನಿಂತು, ಎಡಗೈಯಿಂದ ಬಾಗಿಲ ಚೌಕಟ್ಟನ್ನು ಒಮ್ಮೆ ಮುಟ್ಟಿ ಅದು ಅಲ್ಲೇ ಇದೆ ಎಂದು ಖಚಿತ ಮಾಡಿಕೊಂಡರು. ಮೂರು ವರ್ಷದ ಹಿಂದೆ ಅವಳನ್ನು ಅವರು ‘ತಂಗಿ’ ಎನ್ನುತ್ತಿದ್ದರು.

“ಮೇಡಂ, ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಕೈ ನಿಮ್ಮದೇ ಒಳ್ಳೇದು.”

ಅವರೇ ಮುಂದುವರಿಸಿದರು.

“ದೊಡ್ಡ ರಸ್ತೆಯ ಸ್ಟುಡಿಯೋದವನ ಹತ್ರ ಹೋಗಿದ್ದೆ. ಅವನು ತೆಗೆದಿದ್ದನ್ನ ನೋಡಿ ನನ್ನ ಮಗಳು, ‘ಯಾರಪ್ಪಾ ಇದು, ನಿಮ್ಮ ಅಣ್ಣನಾ?’ ಅಂದ್ಲು. ನನಗೆ ಅಣ್ಣ ಇಲ್ಲ.”

ಬರುವ ಶನಿವಾರ ಅವರು ಅಂಗಡಿಯನ್ನು ಪೂರ್ತಿ ಮುಚ್ಚುವವರಿದ್ದರು. ಕಣ್ಣಿನ ನರ ಸೊರಗುತ್ತಿದೆ, ಎಡಗಣ್ಣು ಆಗಲೇ ಲೆಕ್ಕಕ್ಕಿಲ್ಲ, ಬಲಗಣ್ಣಿಗೆ ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದರಂತೆ. ಮಗಳು ತನ್ನ ಊರಿಗೆ ಕರೆದುಕೊಂಡು ಹೋಗಲು ಬಂದಿದ್ದಳು. ಹೋಗುವ ಮುಂಚೆ ಅಪ್ಪ ವಾಚು ರಿಪೇರಿಯ ಮೇಜಿನ ಮುಂದೆ ಕೂತಿರುವ ಒಂದು ಫೋಟೋ ಬೇಕೇಬೇಕು ಎಂದು ಅವಳ ಹಟ.

“ಆದ್ರೆ ಒಂದು ಷರತ್ತು. ನೀವು ಏನೂ ಕೇಳಬಾರದು.”

“ಬೆಳಕಿನ ಬಗ್ಗೆ ಕೇಳಬಹುದಾ?”

“ಬೆಳಕಿನ ಬಗ್ಗೆ ಕೇಳಿ, ಕುರ್ಚಿ ಬಗ್ಗೆ ಕೇಳಿ. ನನ್ನ ಬಗ್ಗೆ ಕೇಳಬೇಡಿ.”

ಕೇಳುವುದೇ ಅವಳ ವಿದ್ಯೆಯಾಗಿತ್ತು. ಅವಳಿಗೆ ಕೆಲಸ ಕಲಿಸಿದ ಮುದುಕರು ಗಿರಾಕಿಗಳ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಎರಡು ಬೆರಳಲ್ಲಿ ಗದ್ದ ಹಿಡಿದು ಹೂದಾನಿ ತಿರುಗಿಸುವ ಹಾಗೆ ತಿರುಗಿಸಿ, ‘ಉಸಿರು ಹಿಡೀರಿ’ ಎಂದು ತೆಗೆದುಬಿಡುತ್ತಿದ್ದರು. ಅವರ ಫೋಟೋಗಳಲ್ಲಿ ಎಲ್ಲವೂ ಇರುತ್ತಿತ್ತು, ಉಸಿರೊಂದು ಇರುತ್ತಿರಲಿಲ್ಲ. ಅವಳು ಅವರನ್ನು ಮೀರಿಸಿದ್ದು ಇಲ್ಲೇ. ಬ್ಯಾಂಕಿನ ಮ್ಯಾನೇಜರಿಗೆ, ನಿಮ್ಮ ಮೊದಲ ಸೈಕಲ್ಲು ಯಾವ ಬಣ್ಣದ್ದು ಎಂದು ಕೇಳಿದ್ದಳು. ಕಲ್ಲಿನಂತೆ ಕೂತಿದ್ದ ಕಟ್ಟಡದ ಕಂಟ್ರಾಕ್ಟರಿಗೆ, ಸಣ್ಣವರಿದ್ದಾಗ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿದಾಗ, ಆ ದಪ್ಪ ಮೀಸೆಯ ಮನುಷ್ಯ ಒಂದು ಗಳಿಗೆ ತಡೆದು, ‘ಗುಬ್ಬಿ’ ಎಂದು ಕೆಂಪಾಗಿದ್ದ. ಕ್ಲಿಕ್. ಸರಿಯಾದ ಪ್ರಶ್ನೆ ಹಾಕಿದರೆ ಮುಖ ತಾನಾಗಿ ಬಾಗಿಲು ತೆರೆಯುತ್ತದೆ, ಆ ಬಾಗಿಲು ಮತ್ತೆ ಮುಚ್ಚುವ ಮೊದಲು ಕೈ ಒಳಗೆ ಹಾಕಿ ತೆಗೆದುಕೊಂಡುಬಿಡಬೇಕು. ಹೀಗೆಂದು ಅವಳು ಯಾರಿಗೂ ಹೇಳಿರಲಿಲ್ಲ. ಜನ ಮಾತ್ರ, ‘ಆಕೆ ಎದುರಿಗೆ ಕೂತ್ರೆ ಮನಸ್ಸು ಹಗುರಾಗುತ್ತೆ’ ಎನ್ನುತ್ತಿದ್ದರು, ಅವಳೂ ಅದನ್ನು ನಂಬಿದ್ದಳು. ಮೂರು ವರ್ಷದ ಹಿಂದೆ ಗಡಿಯಾರದವರು ಬಂದಿದ್ದು ಯಾವುದೋ ಅರ್ಜಿಗೆ ಅಂಟಿಸುವ ಸಣ್ಣ ಫೋಟೋಕ್ಕೆ. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಸಣ್ಣ ಫೋಟೋ ಎರಡು ನಿಮಿಷದಲ್ಲಿ ಮುಗಿಯಿತು. ಅವರು ಏಳುವ ಮೊದಲು ಅವಳು ಕ್ಯಾಮೆರಾದ ಹಿಂದಿನಿಂದಲೇ, ಬರೀ ಅಕ್ಕರೆಯಿಂದ ಎಂಬಂತೆ, “ಈಗ ಬೆಳಿಗ್ಗೆ ಯಾರು ಎಬ್ಬಿಸ್ತಾರೆ ನಿಮ್ಮನ್ನ?” ಎಂದು ಕೇಳಿದಳು. ಊರಿಗೆಲ್ಲ ಅಲಾರಂ ರಿಪೇರಿ ಮಾಡಿಕೊಡುವ ಆ ಮನುಷ್ಯ, “ಮನೇಲಿ ಒಂದು ಗಡಿಯಾರವೂ ಇಲ್ಲ ತಂಗಿ. ಅವಳೇ…” ಎಂದರು, ಅಷ್ಟಕ್ಕೆ ಮುಖ ಕುಸಿಯಿತು. ಗೋಡೆ ಕುಸಿಯುವ ಹಾಗಲ್ಲ, ಒಣಗಲು ಹಾಕಿದ ಬಟ್ಟೆ ತಂತಿಯಿಂದ ಜಾರುವ ಹಾಗೆ ಮೆಲ್ಲಗೆ. ಅವಳು ನಾಲ್ಕು ಸಲ ಒತ್ತಿದಳು. ಮೂರನೆಯದು ಅವಳು ತನ್ನ ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಫೋಟೋ. ಇವತ್ತಿಗೂ ಅದು ಹಾಗೇ, ಅದರಲ್ಲಿ ಎರಡು ಮಾತಿಲ್ಲ, ಅದೇ ತೊಂದರೆ.

ಅದನ್ನು ತನ್ನ ಸ್ಟುಡಿಯೋದ ಕಿಟಕಿಯಲ್ಲಿ ಆಳೆತ್ತರಕ್ಕೆ ಹಾಕಿದಳು. ಅವರನ್ನು ಕೇಳಲಿಲ್ಲ. ಅದು ಅವರಿಗೆ ಗೌರವ ಎಂದುಕೊಂಡಿದ್ದಳು. ಮೂರನೆಯ ದಿನ ಅವರು ರಸ್ತೆಯ ಆ ಬದಿಯಿಂದ ನೋಡಿ, ದಾಟಿ ಬಂದು, ಗಾಜಿಗೆ ಮುಖ ಹತ್ತಿರ ಮಾಡಿ ತಮ್ಮ ಮುಖವನ್ನು ತಾವು ನೋಡಿ, ಒಳಗೆ ಬಂದರು. “ನಾನು ನಿಮಗೆ ಹೇಳಿದ್ದು. ರಸ್ತೆಗಲ್ಲ.” ಆಗ ಅವಳು ಏನು ಹೇಳಬಹುದಿತ್ತು? ಕ್ಷಮಿಸಿ ಎನ್ನಬಹುದಿತ್ತು. ಸುಮ್ಮನಿರಬಹುದಿತ್ತು. ಅವಳು ಹೇಳಿದ್ದು, “ಆದ್ರೆ ತುಂಬಾ ಚೆನ್ನಾಗಿ ಬಂದಿದೆ ನೋಡಿ.” ಈ ಮಾತು ಮೂರು ವರ್ಷದಿಂದ ಅವಳ ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು. ಗಿರಾಕಿಗೆ ಚಿಲ್ಲರೆ ಕೊಡುವಾಗ, ಸ್ನಾನ ಮಾಡುವಾಗ, ಫೋನಿನಲ್ಲಿ ತಮ್ಮನ ಜೊತೆ ನಗುತ್ತಿರುವಾಗ ತಟ್ಟನೆ ಕೇಳಿಸುತ್ತಿತ್ತು. ತಾನು ಹೇಳಿದ ಸ್ವರ ಸಮೇತ, ‘ನೋಡಿ’ ಎನ್ನುವಾಗ ಹುಬ್ಬು ಏರಿಸಿದ್ದೂ ಸಮೇತ. ಇನ್ನೂ ಒಂದಿತ್ತು, ಅವರಿಗೂ ಗೊತ್ತಿಲ್ಲದ್ದು. ಫೋಟೋವನ್ನು ಅವಳು ಆ ಕ್ಷಣವೇ ಕಿಟಕಿಯಿಂದ ಇಳಿಸಲಿಲ್ಲ. ಸಂಜೆ ಇಳಿಸಿದಳು. ಮಧ್ಯಾಹ್ನ ದೂರದಿಂದ ಹೆಸರಾಂತ ಫೋಟೋಗ್ರಾಫರೊಬ್ಬರು ಬರುವವರಿದ್ದರು, ಅವರು ನೋಡಲಿ ಎಂದು. ನಾಲ್ಕು ಗಂಟೆ ಹೊತ್ತು, ಅವರು ಬೇಡವೆಂದ ಮೇಲೆಯೂ, ಆ ಮುಖ ರಸ್ತೆಯ ಕಡೆ ನೋಡುತ್ತಲೇ ಇತ್ತು.

ಇವತ್ತು ಹನ್ನೊಂದಕ್ಕೆ ಅವಳು ರಸ್ತೆ ದಾಟಿದಳು. ಆ ಅಂಗಡಿಗೆ ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಒಳ್ಳೆಯ ಬೆಳಕು ಬರುತ್ತದೆ ಎಂಬುದು ಅಲ್ಲಿಗೆ ಹೋಗದೆಯೂ ಅವಳಿಗೆ ಗೊತ್ತಿತ್ತು. ಮೂರು ವರ್ಷ ಎದುರಿನಿಂದ ನೋಡಿದ್ದಳಲ್ಲ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ, ರೈಲಿನ ಡಬ್ಬಿಯಷ್ಟು ಅಗಲ. ಎಡಕ್ಕೆ ಕಿಟಕಿ, ಕಿಟಕಿಗೆ ಅಂಟಿಕೊಂಡು ಮೇಜು, ಮೇಜಿನ ಅಂಚಿಗೆ ಬೆರಳಗಲದ ಕಟ್ಟೆ, ತಿರುಪು ಉರುಳಿ ಬೀಳದ ಹಾಗೆ. ಹಿಂದಿನ ಗೋಡೆಯಲ್ಲಿ ಹದಿನೇಳು ಗಡಿಯಾರ. ಹದಿನೇಳೂ ಬೇರೆಬೇರೆ ಸಮಯ ತೋರಿಸುತ್ತಿದ್ದವು, ಆದರೂ ಸದ್ದು ಮಾತ್ರ ಒಂದೇ, ಎಲ್ಲೋ ಸಣ್ಣಗೆ ಮಳೆ ಹಿಡಿದ ಹಾಗೆ. ಸಾಮಾನು ಕಟ್ಟುತ್ತಿದ್ದ ಮಗಳು ರಟ್ಟಿನ ಪೆಟ್ಟಿಗೆಗಳ ಮಧ್ಯದಿಂದ ಎದ್ದು ಬಂದಳು. ಮೂವತ್ತೈದರ ಆಸುಪಾಸು, ಅಪ್ಪನದೇ ಅಗಲವಾದ ಹಣೆ. “ಬನ್ನಿ ಬನ್ನಿ, ಅಪ್ಪ ಹಿಂದೆ ಮುಖ ತೊಳೀತಿದಾರೆ. ಇವತ್ತು ಎರಡು ಸಲ ಶೇವ್ ಮಾಡ್ಕೊಂಡಿದಾರೆ, ನಾನು ಹೇಳಿದೆ ಅಂತ ಹೇಳ್ಬೇಡಿ.” ಅವಳು ಟ್ರೈಪಾಡು ಬಿಚ್ಚಿದಳು. ಗೋಡೆಯ ಮಧ್ಯದ ಗಡಿಯಾರ ಕೂತವರ ತಲೆಯ ಮೇಲೆ ಕಿರೀಟದ ಹಾಗೆ ಬರುತ್ತದೆ, ಕ್ಯಾಮೆರಾವನ್ನು ಒಂದು ಗೇಣು ಕೆಳಗಿಳಿಸಿದರೆ ಸರಿಹೋಗುತ್ತದೆ. ಕೌಂಟರಿನ ಗಾಜು ಹೊಳೆಯುತ್ತದೆ, ಅದರ ಮೇಲೆ ಕಪ್ಪು ಬಟ್ಟೆ. ಕೆಲಸದ ಈ ಸಣ್ಣ ತೀರ್ಮಾನಗಳಲ್ಲಿ ಅವಳಿಗೆ ಹಿತವಿತ್ತು, ಒಂದೊಂದೂ ಸರಿಯಾಗಿ ಕೂರುವಾಗ ಎದೆಯೂ ಸರಿಯಾಗಿ ಕೂರುತ್ತಿತ್ತು.

ಮಗಳು ಹತ್ತಿರ ಬಂದು ದನಿ ತಗ್ಗಿಸಿದಳು. “ಆ ಫೋಟೋ ನಾನೂ ನೋಡಿದ್ದೆ. ನಿಮ್ಮ ಕಿಟಕೀಲಿ.”

ಅವಳ ಕೈ ಬಟ್ಟೆಯ ಮೇಲೆ ನಿಂತಿತು.

“ನೀವು ಹಾಕಿದ ಎರಡನೇ ದಿನ ಅಂತ ಕಾಣುತ್ತೆ. ಊರಿಗೆ ಬಂದಿದ್ದೆ, ಅಪ್ಪನ ಜೊತೆ ಜಗಳ ಆಡೋಕೆ. ಅಮ್ಮ ಹೋದಾಗ ಅಪ್ಪ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮನೆ ತುಂಬ ಜನ, ಇವರು ಯಾರದೋ ವಾಚು ಬಿಚ್ಕೊಂಡು ಕೂತಿದ್ರು. ನನಗೆ ಅವರ ಮುಖ ನೋಡೋಕೆ ಮನಸ್ಸಿರ್ಲಿಲ್ಲ. ಬಸ್ಸಿಳಿದು ಈ ಕಡೆ ಬರ್ತಾ ನಿಮ್ಮ ಕಿಟಕಿ ಮುಂದೆ ನಿಂತೆ.” ಮಗಳು ಹಿಂಬದಿಯ ಬಾಗಿಲ ಕಡೆ ನೋಡಿದಳು. ನೀರಿನ ಸದ್ದು ಇನ್ನೂ ಬರುತ್ತಿತ್ತು. “ಜಗಳ ಆಡ್ಲಿಲ್ಲ. ಒಳಗೆ ಬಂದು, ‘ಊಟ ಆಯ್ತಾಪ್ಪ’ ಅಂದೆ. ಅಷ್ಟೆ. ಅಪ್ಪಂಗೆ ಗೊತ್ತಿಲ್ಲ ಇದು. ಹೇಳ್ಬೇಡಿ. ನಿಮಗೆ ಹೇಳ್ಬೇಕು ಅನ್ನಿಸ್ತಿತ್ತು.”

ಒಂದು ಕ್ಷಣ ಅವಳೊಳಗೆ ಏನೋ ಸಡಗರದಿಂದ ಎದ್ದು ನಿಂತಿತು. ಹಾಗಾದರೆ ಆ ಫೋಟೋ ಒಂದು ಮನೆಯನ್ನು ಉಳಿಸಿತ್ತು. ಹಾಗಾದರೆ ‘ತುಂಬಾ ಚೆನ್ನಾಗಿ ಬಂದಿದೆ ನೋಡಿ’ ಎಂದದ್ದೂ ತೀರಾ ತಪ್ಪಲ್ಲ. ಮೂರು ವರ್ಷ ಅವಳು ಇಂಥದೇ ಒಂದು ಮಾತಿಗಾಗಿ ಹಸಿದಿದ್ದಳು, ಈಗ ಅದು ಬಿಸಿಬಿಸಿಯಾಗಿ ತಟ್ಟೆಯಲ್ಲಿ ಬಂದು ಕೂತಿತ್ತು. ಆದರೆ ಕೈ ಹಾಕಲು ಹೋದಾಗ ಮನಸ್ಸು ಹಿಂಜರಿಯಿತು. ಮಗಳು ನಿಂತು ನೋಡಿದ್ದು ಮಗಳ ಒಳ್ಳೆಯತನ. ತನ್ನದೇನಿತ್ತು ಅದರಲ್ಲಿ? ತಾನು ಕಿಟಕಿಗೆ ಹಾಕಿದ್ದು ಇವಳು ನೋಡಲಿ ಎಂದಲ್ಲ, ದೂರದಿಂದ ಬರುವ ಯಾರೋ ನೋಡಲಿ ಎಂದು. ಕದ್ದ ಹಣ್ಣು ಹಸಿದವರ ಬಾಯಿಗೆ ಬಿದ್ದರೆ ಹಸಿದವರಿಗೆ ಒಳ್ಳೆಯದಾಯಿತು, ಕದ್ದವಳಿಗಲ್ಲ. ಹೀಗೆ ಅನ್ನಿಸಿದ್ದೇ ಅವಳಿಗೆ ವಿಚಿತ್ರವಾದ ಸಮಾಧಾನವಾಯಿತು, ತಕ್ಕಡಿ ತನ್ನ ಕಡೆ ವಾಲಿದರೂ ತಾನು ಅದರ ಮೇಲೆ ಬೆರಳಿಡಲಿಲ್ಲ ಎಂಬಂಥದು. “ಹೇಳಲ್ಲ,” ಎಂದಳು. “ನೀವು ಹೇಳಿದ್ದು ಒಳ್ಳೇದಾಯ್ತು.” ಅಷ್ಟರಲ್ಲಿ ಅವರು ಮುಖ ಒರೆಸಿಕೊಳ್ಳುತ್ತ ಬಂದರು.

ಅವಳು ಮಾತು ಉಳಿಸಿಕೊಂಡಳು. ಕುರ್ಚಿಯ ಬಗ್ಗೆ ಕೇಳಿದಳು, ಬೆಳಕಿನ ಬಗ್ಗೆ ಕೇಳಿದಳು. ಭುಜ ಕಿಟಕಿಯ ಕಡೆ, ಮುಖ ಸ್ವಲ್ಪ ಇತ್ತ, ಬಲಗೈ ಮೇಜಿನ ಮೇಲೆ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಕೈಯಲ್ಲೇ ಇರಲಿ. ಅವಳು ಹೇಳಿದ್ದನ್ನೆಲ್ಲ ಅವರು ಹೇಳಿದಷ್ಟೇ ಮಾಡಿದರು, ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕುವವರ ಹಾಗೆ. ಚೌಕಟ್ಟಿನಲ್ಲಿ ನೋಡಿದರೆ ಎಂಥ ಚೆಂದ! ಬೆಳಕು ಹಣೆಯಿಂದ ಇಳಿದು, ಕೆನ್ನೆಯ ಮೂಳೆಯ ಮೇಲೆ ನಿಂತು, ಕೈಬೆರಳಿನ ಗೆಣ್ಣುಗಳಿಗೆ ಬಂದು ಮುಗಿಯುತ್ತಿತ್ತು. ಹಿಂದಿನ ಗಡಿಯಾರಗಳು ಮಂಕಾದ ದುಂಡನೆಯ ಹಣ್ಣುಗಳ ಹಾಗೆ ತೂಗುತ್ತಿದ್ದವು. ಅವಳಿಗೆ ಪಾಠ ಹೇಳಿದ ಮುದುಕರು ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಹದಿನಾಲ್ಕು ತೆಗೆದಳು. ಹದಿನಾಲ್ಕರಲ್ಲೂ ಮೇಜಿತ್ತು, ಕೈಯಿತ್ತು, ಬೆಳಕಿತ್ತು, ಅವರಿರಲಿಲ್ಲ. ಅವರು ಎಲ್ಲೋ ಹಿಂದೆ ಸರಿದು, ಬಾಗಿಲು ಹಾಕಿಕೊಂಡು, ಒಳಗಿಂದ ಚಿಲಕ ಹಾಕಿ, ಮುಖವನ್ನು ಮಾತ್ರ ಹೊರಗೆ ಕೂರಿಸಿದ್ದರು. ನಾಲಿಗೆಯ ತುದಿಗೆ ಪ್ರಶ್ನೆಗಳು ತಾವಾಗಿ ಬರುತ್ತಿದ್ದವು. ಈ ಮೇಜಿಗೆ ಕೂತ ಮೊದಲ ದಿನ ನೆನಪಿದೆಯಾ? ಕೊನೆಯದಾಗಿ ರಿಪೇರಿ ಮಾಡಿ ಮುಚ್ಚುವ ಗಡಿಯಾರ ಯಾವುದು? ಒಂದೊಂದೂ ಕೀಲಿಕೈ. ಒಂದು ಸಾಕಾಗಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

“ಬರ್ತಾ ಇಲ್ಲ, ಅಲ್ವಾ?” ಅವರೇ ಕೇಳಿದರು.

“ಇಲ್ಲ.”

“ನನಗೂ ಗೊತ್ತಾಗ್ತಿದೆ. ವಾಚಲ್ಲೂ ಹೀಗೆ ಆಗುತ್ತೆ. ಎಲ್ಲಾ ಚಕ್ರ ಸರಿಯಾಗಿ ಕೂತಿರುತ್ತೆ, ಎಣ್ಣೆ ಹಾಕಿರುತ್ತೆ, ಓಡಲ್ಲ.”

“ಆಗ ನೀವೇನು ಮಾಡ್ತೀರಿ?” ಎಂದು ಬಾಯಿ ತಪ್ಪಿ ಕೇಳಿ, ತಕ್ಷಣ, “ತಪ್ಪಾಯ್ತು, ಕೇಳಬಾರದಿತ್ತು,” ಎಂದಳು.

ಅವರು ಮೊದಲ ಸಲ ನಕ್ಕರು, ಮೂಗಿನಲ್ಲಿ. “ಇದು ವಾಚಿನ ಬಗ್ಗೆ. ಪರವಾಗಿಲ್ಲ.” ಭೂತಗನ್ನಡಿಯನ್ನು ಬೆರಳ ಮಧ್ಯೆ ಒಮ್ಮೆ ತಿರುಗಿಸಿದರು. ಆಮೇಲೆ, “ಇವತ್ತು ನಾನು ಕೇಳ್ತೀನಿ. ನೀವು ಹೇಳಿ. ಅವತ್ತು ಆ ಪ್ರಶ್ನೆ ಯಾಕೆ ಕೇಳಿದ್ರಿ?” ಎಂದರು.

ಹಿಂದೆ ಮಗಳು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದವಳು ನಿಲ್ಲಿಸಿದಳು. ಕ್ಯಾಮೆರಾದ ಹಿಂದಿದ್ದ ಅವಳ ಬಾಯಿಗೆ ಮೊದಲು ಬಂದದ್ದು ಜನಕ್ಕೆ ಹೇಳುವ ಉತ್ತರವೇ. ಮುಖ ಸಡಿಲವಾಗಲಿ ಅಂತ, ಎದುರಿಗಿರುವವರ ಜೊತೆ ಒಂದು ಸಂಬಂಧ ಬೆಳೆಯಲಿ ಅಂತ. ಅರ್ಧ ಹೇಳಿದಳು ಕೂಡ. ಅವರು ತಲೆ ಅಲ್ಲಾಡಿಸಲಿಲ್ಲ, ಒಪ್ಪಲಿಲ್ಲ, ಬರೀ ಕಾದರು. ಆ ಕಾಯುವಿಕೆಯಲ್ಲಿ ಅವಳ ಮಾತು ತನ್ನಷ್ಟಕ್ಕೆ ತಾನೇ ಪೊಳ್ಳಾಗಿ ನಿಂತುಹೋಯಿತು. ತಾನು ಜನರನ್ನು ಕೂರಿಸುತ್ತಿದ್ದ ಸ್ಟೂಲು ಎಷ್ಟು ಎತ್ತರದ್ದು, ಅಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ ಎಂಬುದು ಈಗ ಅವಳ ಮೈಗೆ ತಿಳಿಯಿತು. ಅವಳು ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದಳು. ಫೋಟೋ ಒತ್ತುವ ಗುಂಡಿಯಿದ್ದ ಶಟರಿನ ತಂತಿ ಮಾತ್ರ ಅಭ್ಯಾಸಬಲದಿಂದ ಕೈಯಲ್ಲಿತ್ತು.

“ಚೆನ್ನಾಗಿ ಬರುತ್ತೆ ಅಂತ ಕೇಳಿದೆ,” ಎಂದಳು. “ನಿಮ್ಮ ಮುಖ ಒಡೆಯುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.”

“ಹ್ಞೂಂ.”

“ಅಷ್ಟೇ ಅಲ್ಲ. ನೀವು ಬೇಡ ಅಂದ ಮೇಲೂ ಸಂಜೆವರೆಗೆ ಕಿಟಕಿಯಿಂದ ಇಳಿಸ್ಲಿಲ್ಲ.”

“ಗೊತ್ತು. ನಾನು ಇಲ್ಲೇ ಕೂತಿದ್ದೆನಲ್ಲ. ಕಾಣ್ತಿತ್ತು.”

ಕಾಣುತ್ತಿತ್ತು! ಅಷ್ಟು ಸರಳ ವಿಷಯ ಮೂರು ವರ್ಷ ಅವಳಿಗೆ ಹೊಳೆದಿರಲಿಲ್ಲ. ತಾನೊಬ್ಬಳೇ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡ ನಾಲ್ಕು ಗಂಟೆಯನ್ನು ಅವರು ಈ ಕಿಟಕಿಯಿಂದ ನಿಮಿಷ ನಿಮಿಷವಾಗಿ ಎಣಿಸಿದ್ದರು. ಕಿವಿ ಬಿಸಿಯಾಯಿತು. ಆದರೆ ಆ ಬಿಸಿಯ ಹಿಂದೆಯೇ ಒಂದು ಧೈರ್ಯವೂ ಬಂತು, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂಬ ಧೈರ್ಯ. ಅವಳು ಯಾರಿಗೂ ಹೇಳದಿದ್ದ ಒಂದನ್ನು ಹೇಳತೊಡಗಿದಳು, ಯಾಕೆ ಹೇಳುತ್ತಿದ್ದೇನೆ ಎಂದು ಕೇಳಿಕೊಳ್ಳದೆ.

“ನನಗೆ ಹದಿನಾರು ವರ್ಷ. ನನ್ನ ಸೋದರಮಾವನ ಹತ್ರ ಒಂದು ಕ್ಯಾಮೆರಾ ಇತ್ತು, ರಜಕ್ಕೆ ಬಂದಾಗ ಕೊಟ್ಟಿದ್ರು. ನಮ್ಮಮ್ಮಂಗೆ ಮುಂದಿನ ಎರಡು ಹಲ್ಲು ಇರ್ಲಿಲ್ಲ. ಮೆಟ್ಟಿಲಿಂದ ಬಿದ್ದು ಹೋಗಿತ್ತು. ನಗು ಬಂದ್ರೆ ಕೈ ಅಡ್ಡ ಹಿಡ್ಕೊಂಡು ನಗ್ತಿದ್ಲು, ಯಾವಾಗಲೂ. ನನಗೆ ಆ ಕೈ ಇಲ್ಲದ ನಗು ಬೇಕಿತ್ತು. ಒಂದಿನ ಬಟ್ಟೆ ಒಣಗಿಸ್ತಿದ್ಲು, ಒದ್ದೆ ದುಪ್ಪಟಿ, ಎರಡೂ ಕೈಲಿ ಹಿಡ್ಕೊಂಡಿದ್ಲು. ನಾನು ಬೇಕಂತಲೇ ಮಾವನ ಗೊರಕೆ ಅಣಕಿಸಿದೆ. ಅಮ್ಮ ತಡ್ಕೊಳ್ಳೋಕಾಗದೆ ಜೋರಾಗಿ ನಕ್ಕುಬಿಟ್ಲು. ಕೈ ಖಾಲಿ ಇರ್ಲಿಲ್ಲ.”

ಗಡಿಯಾರದವರ ತಲೆ ಒಂದು ಬದಿಗೆ ವಾಲಿತ್ತು. ವಾಚನ್ನು ಕಿವಿಯ ಹತ್ತಿರ ಹಿಡಿದು ಸದ್ದು ಕೇಳುವಾಗ ಹಾಗೆ ವಾಲುತ್ತಿತ್ತೇನೋ. ಕಾಣುವ ಕಣ್ಣು ಅವಳ ಮೇಲಿತ್ತು. ಕಾಣದ ಕಣ್ಣೂ ಅವಳ ಮೇಲೇ ಇತ್ತು. ಹಣೆಯ ಗೆರೆಗಳು ಸಡಿಲಾಗಿ, ತುಟಿ ಒಂದು ಕೂದಲೆಳೆಯಷ್ಟು ತೆರೆದು, ಇಡೀ ಮುಖ ತನ್ನನ್ನು ತಾನು ಮರೆತು ಇನ್ನೊಬ್ಬರಿಗಾಗಿ ಬಿಡುವು ಮಾಡಿಕೊಂಡಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳು ನೋವು ತೆಗೆದಿದ್ದಳು, ನಗು ತೆಗೆದಿದ್ದಳು, ನಾಚಿಕೆ, ಗರ್ವ, ಹೇಳಬಾರದ್ದನ್ನು ಹೇಳಿಬಿಟ್ಟ ಮುಖ ಎಲ್ಲವನ್ನೂ ತೆಗೆದಿದ್ದಳು. ಇದನ್ನು, ಕೇಳಿಸಿಕೊಳ್ಳುವ ಮುಖವನ್ನು, ತೆಗೆದಿರಲಿಲ್ಲ. ಹೇಗೆ ತೆಗೆಯುತ್ತಾಳೆ, ಅವಳು ಯಾವತ್ತೂ ತನ್ನದೇನನ್ನೂ ಹೇಳಿಯೇ ಇರಲಿಲ್ಲವಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಈಗ ಒತ್ತಿದರೆ ಸಾಕು, ಅವರಿಗೆ ತಿಳಿಯುವುದೂ ಇಲ್ಲ. ಕೇಳಿದರೆ ಹೋಯಿತು. ಕೇಳಿದ ತಕ್ಷಣ ಮುಖ ಎಚ್ಚರಗೊಂಡು ಫೋಟೋಕ್ಕೆ ಕೂತುಬಿಡುತ್ತದೆ, ಇದು ಅವಳ ವೃತ್ತಿಯ ಮೊದಲ ಪಾಠ, ಆ ಒದ್ದೆ ದುಪ್ಪಟಿಯ ಮಧ್ಯಾಹ್ನ ಕಲಿತದ್ದು. ಹೋದರೆ ಹೋಗಲಿ ಎಂದುಕೊಂಡಳು. ಹೋದರೆ ಒಂದು ಫೋಟೋ ಹೋಯಿತು.

“ಈಗ ತೆಗೀಲಾ?” ಎಂದು ಕೇಳಿದಳು.

ಅವರು ಅಲುಗಲಿಲ್ಲ. “ತೆಗೀರಿ. ಆದ್ರೆ ಮಾತು ನಿಲ್ಲಿಸ್ಬೇಡಿ. ಆಮೇಲೆ?”

ಅವಳು ಒತ್ತಿದಳು. ಒತ್ತುತ್ತ ಹೇಳಿದಳು.

“ಆಮೇಲೆ ಮನೆ ತುಂಬ ನೆಂಟರಿದ್ದಾಗ ಆ ಫೋಟೋ ಎಲ್ಲರ ಕೈಗೂ ಹೋಯ್ತು. ನಾನೇ ಕೊಟ್ಟೆ, ಹೆಮ್ಮೆಯಿಂದ. ನನ್ನ ಚಿಕ್ಕಪ್ಪ, ‘ಅತ್ತಿಗೆ, ಬಾಗಿಲು ತೆಗೆದಿಟ್ಟುಬಿಟ್ಟಿದೀರಲ್ಲ’ ಅಂದ. ಎಲ್ರೂ ನಕ್ರು. ಅಮ್ಮನೂ ನಕ್ಕಳು, ಕೈ ಅಡ್ಡ ಹಿಡ್ಕೊಂಡು. ಬಯ್ಯಲಿಲ್ಲ. ಆದ್ರೆ ಅವತ್ತಿಂದ ನನ್ನ ಎದುರಿಗೆ ನಗು ಬಂದ್ರೆ, ಕೈಲಿ ಏನೇ ಇರ್ಲಿ, ಪಾತ್ರೆ ಇರ್ಲಿ, ಮಗು ಇರ್ಲಿ, ಮೊದಲು ಕೆಳಗಿಡೋಳು. ಕೈ ಖಾಲಿ ಮಾಡ್ಕೊಳ್ಳೋಳು. ಆಮೇಲೆ ನಗೋಳು.”

ಹದಿನೇಳು ಗಡಿಯಾರ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಮಗಳ ಕೈಯಲ್ಲಿದ್ದ ಟೇಪು ಹಾಗೇ ನೇತಾಡುತ್ತಿತ್ತು.

“ಅಮ್ಮಂಗೆ ಹೇಳಿದ್ರಾ, ತಪ್ಪಾಯ್ತು ಅಂತ?” ಎಂದು ಗಡಿಯಾರದವರು ಕೇಳಿದರು.

“ಇಲ್ಲ. ಅಮ್ಮ ಹೋಗಿ ಒಂಬತ್ತು ವರ್ಷ. ನನಗೆ ಅರ್ಥ ಆಗಿದ್ದೇ ನೀವು ‘ರಸ್ತೆಗಲ್ಲ’ ಅಂದ ಮೇಲೆ.” ಅವಳು ತಂತಿಯನ್ನು ಕೆಳಗಿಟ್ಟಳು. “ನಿಮಗಾದ್ರೂ ಹೇಳ್ತೀನಿ. ತಪ್ಪಾಯ್ತು.”

ಅವರು ‘ಪರವಾಗಿಲ್ಲ’ ಎನ್ನಲಿಲ್ಲ. ‘ಹೋಗ್ಲಿ ಬಿಡಿ’ ಎನ್ನಲಿಲ್ಲ. ಮಾತನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಸಂದೂಕದಲ್ಲಿ ಇಟ್ಟುಕೊಂಡವರ ಹಾಗೆ ಒಮ್ಮೆ ರೆಪ್ಪೆ ಮುಚ್ಚಿ ತೆರೆದರು. ತಂಗಿ ಎಂದೂ ಅನ್ನಲಿಲ್ಲ. ಅದು ಇನ್ನು ಬರಲಿಕ್ಕಿಲ್ಲ ಎಂದು ಅವಳಿಗೆ ತಿಳಿಯಿತು, ತಿಳಿದು ನೋವಾಯಿತು. ಆ ನೋವು ನೆಟ್ಟಗಿತ್ತು, ಅದರ ಜೊತೆ ಬದುಕಬಹುದಿತ್ತು.

“ತೋರಿಸಿ,” ಎಂದರು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಫೋಟೋ ತಂದು ಅವರ ಕೈಗೆ ಕೊಟ್ಟಳು. ಅವರು ಅಭ್ಯಾಸದಂತೆ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿ, ಬೆನ್ನು ಬಾಗಿಸಿ, ಯಾರದೋ ಕೆಟ್ಟ ವಾಚನ್ನು ಪರೀಕ್ಷಿಸುವ ಹಾಗೆ ತಮ್ಮ ಮುಖವನ್ನು ಮೂಲೆಯಿಂದ ನೋಡತೊಡಗಿದರು. ಕಿವಿ. ಕಿವಿಯಿಂದ ಕೆನ್ನೆ. ಕೆನ್ನೆಯಿಂದ ತುಟಿಯ ತುದಿ. ತುಂಬ ಹೊತ್ತು ನೋಡಿದರು. ಆಮೇಲೆ ಭೂತಗನ್ನಡಿ ತೆಗೆದು, ಕಣ್ಣುಜ್ಜಿಕೊಂಡು, ಕ್ಯಾಮೆರಾವನ್ನು ವಾಪಸು ಕೊಟ್ಟರು.

“ತುಂಡು ತುಂಡಾಗಿ ಕಾಣುತ್ತೆ. ಒಟ್ಟಿಗೆ ಕಾಣಲ್ಲ. ನೀವು ಹೇಳಿ, ಏನಿದೆ ಇದರಲ್ಲಿ.”

ಮಗಳು ಮುಂದೆ ಬಂದಳು. “ನಾನು ಹೇಳ್ತೀನಿ ಅಪ್ಪ…”

“ನೀನು ಸುಮ್ನಿರು. ನೀನು ಮಗಳು, ಚೆನ್ನಾಗಿದೆ ಅಂತೀಯ. ಇವರು ಹೇಳ್ಲಿ.”

ಅವಳು ಪರದೆಯನ್ನು ನೋಡಿದಳು. ಚೌಕಟ್ಟು ಕೆಟ್ಟಿತ್ತು. ಕೇಳುವ ಭರದಲ್ಲಿ ಅವರು ಮುಂದೆ ಬಾಗಿದ್ದರಿಂದ ತಲೆಯ ಮೇಲೆ ಆ ಗಡಿಯಾರ ಕಿರೀಟದ ಹಾಗೇ ಕೂತುಬಿಟ್ಟಿತ್ತು, ಬಲಗೈಯ ಎರಡು ಬೆರಳು ಅಂಚಿನಲ್ಲಿ ಕತ್ತರಿಸಿಹೋಗಿದ್ದವು. ಶಿಷ್ಯೆಯೊಬ್ಬಳು ತೆಗೆದಿದ್ದರೆ ಹರಿದು ಹಾಕು ಎನ್ನುತ್ತಿದ್ದಳು. ಅವಳು ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು.

“ಕಿಟಕಿ ಬೆಳಕು ನಿಮ್ಮ ಮುಖದ ಮುಕ್ಕಾಲು ಭಾಗ ಇದೆ. ನೀವು ಮುಂದಕ್ಕೆ ಬಾಗಿದೀರಿ, ಬೆರಳು ಎರಡು ಫೋಟೋದಿಂದ ಆಚೆ ಹೋಗಿದೆ. ಅದು ನನ್ನ ತಪ್ಪು. ತಲೆ ಎಡಕ್ಕೆ ವಾಲಿದೆ. ಶೇವ್ ಮಾಡುವಾಗ ಗದ್ದದ ಕೆಳಗೆ ಸಣ್ಣದಾಗಿ ಕೊಯ್ದುಕೊಂಡಿದೀರಿ, ಅದೂ ಕಾಣುತ್ತೆ. ವಯಸ್ಸಾಗಿದೆ ನಿಮಗೆ. ಯಾರೋ ಏನೋ ಹೇಳ್ತಿದಾರೆ, ನೀವು ಕೇಳ್ತಿದೀರಿ. ಆ ಹೇಳೋರ ಮೇಲೆ ನಿಮಗೆ ಸಿಟ್ಟಿದೆ. ಸಿಟ್ಟಿದ್ರೂ ಕೇಳ್ತಿದೀರಿ.”

“ಕಣ್ಣು?”

ಅವಳು ತಡೆದಳು. “ಬಲಗಣ್ಣು ಹೊಳೀತಿದೆ. ಎಡಗಣ್ಣಿಗೆ ಅಷ್ಟೇ ಬೆಳಕು ಬಿದ್ದಿದೆ, ಆದ್ರೆ ಹೊಳೀತಿಲ್ಲ.”

“ಅದನ್ನ ಸರಿ ಮಾಡೋಕೆ ಬರುತ್ತಂತೆ, ಕಂಪ್ಯೂಟರಲ್ಲಿ. ದೊಡ್ಡ ರಸ್ತೆಯವನು ಕೇಳದೇ ಮಾಡಿದ್ದ.”

“ಬರುತ್ತೆ. ಮಾಡ್ಲಾ?”

“ಬೇಡ. ನಲವತ್ತೆರಡು ವರ್ಷ ದುಡಿದ ಕಣ್ಣು. ಸುಸ್ತಾಗಿದೆ ಅಂತ ಕಾಣ್ಲಿ.” ಮಗಳ ಕಡೆ ತಿರುಗಿ, “ಇದು ನಿಮ್ಮ ಅಪ್ಪನಾ, ನೋಡಿ ಹೇಳು,” ಎಂದರು.

ಮಗಳು ಪರದೆಯನ್ನು ನೋಡಿದಳು. ಕತ್ತು ಆಡಿಸಿದಳು. ಅಪ್ಪನಿಗೆ ಅದು ಕಂಡಿರಲಿಕ್ಕಿಲ್ಲ ಎಂದು ನೆನಪಾಗಿ, “ಹೌದಪ್ಪ,” ಎಂದಳು.

“ಹಾಗಾದ್ರೆ ಅವಳಿಗೆ ಒಂದು ದೊಡ್ಡದು ಮಾಡ್ಕೊಡಿ. ನನಗೆ ಒಂದು ಸಣ್ಣದು, ಜೇಬಿಗೆ. ಬಲಗಣ್ಣು ಇರೋವರೆಗೆ ತುಂಡು ತುಂಡಾಗಿ ನೋಡ್ತೀನಿ. ನೀವೂ ಒಂದು ಇಟ್ಕೊಳ್ಳಿ.”

“ನಾನು ಎಲ್ಲಿ ಹಾಕ್ಲಿ ಅದನ್ನ?”

ಗಡಿಯಾರದವರು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ವಾಚನ್ನು ಹತ್ತಿರ ಎಳೆದುಕೊಂಡರು. ಅವರ ಬಲಗೈ ಆಗಲೇ ಚಿಮಟಕ್ಕಾಗಿ ತಡಕಾಡುತ್ತಿತ್ತು.

“ನನ್ನ ಕೇಳ್ತಿದೀರಲ್ಲ ಮೇಡಂ,” ಎಂದರು, “ಅಷ್ಟು ಸಾಕು. ಎಲ್ಲಿ ಬೇಕಾದ್ರೂ ಹಾಕಿ.”